ಕರಡಿ ಕೂದಲಿನಿಂದ ಕರುವಿನ ಹಗ್ಗದವರೆಗೆ

ಮೂರು ವರ್ಷ ತುಂಬಿದರೂ ಕೂಸಿಗೆ ಮಾತು ಬರಲಿಲ್ಲ ಅಂದರೆ, ಹಿಂದೆ ನಮ್ಮ ಕೌದಳ್ಳಿ ಸೀಮೆಯಲ್ಲಿ ಯಾರೂ ಡಾಕ್ಟರ ಹೆಸರು ಎತ್ತುತ್ತಿರಲಿಲ್ಲ. ಪ್ರಾಣಿಗಳ ಹೆಸರು ಎತ್ತುತ್ತಿದ್ದರು. ಕತ್ತೆ ಹಾಲು ಕುಡಿಸಿ ಅನ್ನುವವರು ಒಬ್ಬರು, ಕರಡಿ ಮೇಲೆ ಕೂರಿಸಿ ಅನ್ನುವವರು ಇನ್ನೊಬ್ಬರು, ಬಸವಪ್ಪನಿಂದ ದಾಟಿಸಿ ಅನ್ನುವವರು ಮತ್ತೊಬ್ಬರು. ಈಗ ಬೆಂಗಳೂರಿನಿಂದ ಬರುವ ನೆಂಟರು ಫೋನು ತೋರಿಸಿ, ‘ಆಟಿಸಂ ಮಕ್ಕಳಿಗೆ ಅನಿಮಲ್ ಥೆರಪಿ ಅಂತ ಹೊಸದು ಬಂದಿದೆ, ನಾಯಿ ಕುದುರೆ ಇಟ್ಟುಕೊಂಡು ಮಾಡ್ತಾರೆ’ ಅನ್ನುತ್ತಾರೆ. ಅದು ಎಷ್ಟು ಹೊಸದು, ಎಷ್ಟು ಹಳೆಯದು ಎಂದು ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಪಶುಪಾಲನಾ ಇಲಾಖೆಯಲ್ಲಿ ಪರಿವೀಕ್ಷಕನಾಗಿದ್ದು ನಿವೃತ್ತನಾದವನು. ಜನರ ಬಾಯಲ್ಲಿ ‘ದನದ ಡಾಕ್ಟ್ರು’. ಅಪ್ಪ ಕಾಡಿನಲ್ಲಿ ದೊಡ್ಡಿ ಹಾಕಿಕೊಂಡಿದ್ದವರು. ತಂಗಿಯ ಮೊಮ್ಮಗನಿಗೆ ಆಟಿಸಂ ಇದೆ. ಹಾಗಾಗಿ ದನದ ಲೋಕ, ಈ ಮಕ್ಕಳ ಲೋಕ ಎರಡನ್ನೂ ಒಳಗಿನಿಂದ ಒಂದಿಷ್ಟು ಕಂಡಿದ್ದೇನೆ.

ಕೌದಳ್ಳಿ ಇರುವುದು ಕೊಳ್ಳೇಗಾಲದಿಂದ ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ, ಅಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ, ಹೋಗುವ ದಾರಿಯಲ್ಲಿ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂದರೆ ಕಾಲ್ನಡಿಗೆಯವರು ಸಾಲುಗಟ್ಟಿ ಇಲ್ಲಿಂದಲೇ ತಾಳಬೆಟ್ಟದ ಕಡೆ ಸಾಗಬೇಕು. ಭಕ್ತರ ಹಿಂದೆ ಭಿಕ್ಷುಕರು, ಅವರ ಹಿಂದೆ ಪ್ರಾಣಿ ಆಡಿಸುವವರು. ಕೋಲೆ ಬಸವ ಬರುತ್ತಿತ್ತು, ಜೋಗಿಗಳ ಆನೆ ಬರುತ್ತಿತ್ತು, ಖಲಂದರರ ಕರಡಿ ಬರುತ್ತಿತ್ತು. ಊರಿನವರಿಗೆ ಇವು ಆಟವೂ ಹೌದು, ಆಸ್ಪತ್ರೆಯೂ ಹೌದು.

ಕರಡಿಯ ಕೆಲಸ ಬೆಚ್ಚು ಬಿಡಿಸುವುದು. ರಾತ್ರಿ ಬೆಚ್ಚಿ ಬೀಳುವ, ಕರೆದರೆ ತಿರುಗದ, ಎಲ್ಲೋ ನೋಡುತ್ತಾ ಕೈ ಅಲ್ಲಾಡಿಸುವ ಮಕ್ಕಳಿಗೆಲ್ಲ ಹಳ್ಳಿಯಲ್ಲಿ ಒಂದೇ ರೋಗನಿದಾನ: ‘ಕೂಸು ಬೆಚ್ಚದೆ, ಗಾಳಿ ಸೋಕದೆ.’ ಕರಡಿಯವನು ಮಗುವನ್ನು ಅದರ ಬೆನ್ನಿನ ಮೇಲೆ ಕೂರಿಸಿ ಎರಡು ಸುತ್ತು ಹಾಕಿಸುತ್ತಿದ್ದ. ನಾಲ್ಕು ಕೂದಲು ಕಿತ್ತು ತಾಯಿತದಲ್ಲಿ ತುಂಬಿ ಕೊಡುತ್ತಿದ್ದ. ಮಗು ಕಿರುಚಿದರೆ ‘ಗಾಳಿ ಹೊರಡ್ತಾ ಅದೆ’ ಅನ್ನುವನು. ಸುಮ್ಮನಿದ್ದರೆ ‘ಬುಡ್ತು’ ಅನ್ನುವನು. ಎರಡರಲ್ಲೂ ದುಡ್ಡು ಅವನಿಗೇ. ಆ ಕರಡಿಯ ಹಲ್ಲು ಕಿತ್ತಿರುತ್ತಿತ್ತು, ಮೂಗಿಗೆ ತೂತು ಕೊರೆದು ಹಗ್ಗ ಪೋಣಿಸಿರುತ್ತಿತ್ತು. ಆ ತೂತು ಎಂದೂ ಪೂರ್ತಿ ಮಾಯುತ್ತಿರಲಿಲ್ಲ ಎನ್ನುವುದು ಇಲಾಖೆಗೆ ಸೇರಿ ಗಾಯ ತೊಳೆಯುವುದು ಕಲಿತ ಮೇಲೆ ನನಗೆ ಅರ್ಥವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಕಾನೂನುಬಾಹಿರ ಮಾಡಿದರೂ, ಪದ್ಧತಿ ಅಳಿಯಲು ಇನ್ನೂ ಮೂರೂವರೆ ದಶಕ ಹಿಡಿಯಿತು. ದೇಶದ ಕೊನೆಯ ಕುಣಿಯುವ ಕರಡಿ ಎಂದು ಹೆಸರಾದ ‘ರಾಜು’ವನ್ನು ಬಿಡಿಸಿ ಬನ್ನೇರುಘಟ್ಟದ ಕರಡಿ ಕೇಂದ್ರಕ್ಕೆ ಸೇರಿಸಿದ್ದು 2009ರ ಡಿಸೆಂಬರಿನಲ್ಲಿ, ನಮ್ಮ ಕರ್ನಾಟಕದಲ್ಲೇ.

ಆನೆಯದು ಇನ್ನೊಂದು ಬಗೆ. ಮಗುವನ್ನು ಆನೆಯ ಹೊಟ್ಟೆಯ ಕೆಳಗೆ ಈ ಕಡೆಯಿಂದ ಆ ಕಡೆಗೆ ನುಸುಳಿಸುವುದು. ಅಷ್ಟಕ್ಕೆ ಹೆದರಿಕೆ ಹೋಗಬೇಕು. ಬಸವನಿಂದ ದಾಟಿಸುವ ಪದ್ಧತಿ ಕೊಳ್ಳೇಗಾಲ, ಮಂಡ್ಯ ಕಡೆಯ ದೇವರ ಬಸವಪ್ಪಗಳಲ್ಲಿ ಇಂದಿಗೂ ಇದೆ. ಹರಕೆ ಹೊತ್ತವರು ಅಡ್ಡಡ್ಡ ಮಲಗುತ್ತಾರೆ, ಬಸವ ಮೈಮೇಲೆ ಕಾಲಿಡದೆ ದಾಟುತ್ತದೆ. ಕೋಲೆ ಬಸವನಿಗೆ ನೇರವಾಗಿ ಪ್ರಶ್ನೆಯೇ ಹಾಕುತ್ತಿದ್ದರು: ‘ಈ ಕೂಸ್ಗೆ ಮಾತು ಬತ್ತದಾ ಬಸವಣ್ಣ?’ ಅದು ಕತ್ತು ಆಡಿಸುತ್ತಿತ್ತು. ಆಡಿಸಲೇಬೇಕು, ಹಗ್ಗ ಇದ್ದದ್ದು ಒಡೆಯನ ಕೈಯಲ್ಲಿ. ಕತ್ತೆ ಹಾಲು ಮಾತ್ರ ಇನ್ನೂ ಜೀವಂತ. ಕತ್ತೆ ಹೊಡೆದುಕೊಂಡು ಬೀದಿಯಲ್ಲಿ ಕೂಗುತ್ತಾ ಬಂದು, ಕಣ್ಣೆದುರೇ ಕರೆದು, ಸಣ್ಣ ಬಟ್ಟಲಿನಲ್ಲಿ ಕೊಡುತ್ತಾರೆ. ಕುಡಿದರೆ ನಾಲಿಗೆ ಹೊರಳುತ್ತದಂತೆ. ಕತ್ತೆ ಹಾಲಿಗೂ ತಾಯಿ ಹಾಲಿಗೂ ಗುಣದಲ್ಲಿ ಹತ್ತಿರದ ಹೋಲಿಕೆ ಇರುವುದು ನಿಜ, ಎರಡರಲ್ಲೂ ಕೇಸಿನ್ ಕಡಿಮೆ. ಮಾತಿಗೂ ಅದಕ್ಕೂ ಸಂಬಂಧವಿಲ್ಲ. ಕಾಯಿಸದ ಹಾಲು ಯಾವ ಪ್ರಾಣಿಯದಾದರೂ ಎಳೆಗೂಸಿಗೆ ಅಪಾಯ. ದನದ ಕಂದು ರೋಗ (ಬ್ರುಸೆಲ್ಲೋಸಿಸ್) ನೋಡಿದ ನನ್ನಂಥವನು ಇದನ್ನು ಒತ್ತಿ ಹೇಳಬೇಕು.

ಈ ಎಲ್ಲ ಉಪಚಾರಗಳಲ್ಲೂ ಪ್ರಾಣಿ ಬಂದು ಹೋಗುತ್ತಿತ್ತು, ಅರ್ಧ ಗಳಿಗೆಯ ಕೆಲಸ. ಪ್ರಾಣಿಯ ಜೊತೆ ಮಗು ಬದುಕುತ್ತಿದ್ದದ್ದು ಬೇರೆ ಕಡೆ, ದೊಡ್ಡಿಯಲ್ಲಿ. ಅದನ್ನು ಉಪಚಾರ ಎಂದು ಯಾರೂ ಕರೆದವರಲ್ಲ. ಆದರೆ ಇಂದಿನ ಥೆರಪಿಗೆ ಹತ್ತಿರದ ಪೂರ್ವಜ ನಮ್ಮಲ್ಲಿ ಇದ್ದರೆ ಅದು ದೊಡ್ಡಿಯೇ.

ದೊಡ್ಡಿ ಅಂದರೆ ಕಾಡಿನೊಳಗೆ ಮುಳ್ಳುಬೇಲಿ ಸುತ್ತಿ ಮಾಡಿದ ದನದ ಬಿಡಾರ. ಮಾದಪ್ಪನ ಬೆಟ್ಟದ ಸುತ್ತ, ಅತ್ತ ಬರಗೂರು ಬೆಟ್ಟದವರೆಗೆ ಇವು ಹರಡಿದ್ದವು. ಊರಿನಲ್ಲಿ ಮೇವು ಮುಗಿದಾಗ ಹತ್ತಾರು ಮನೆಯ ದನಗಳನ್ನು ಒಟ್ಟು ಮಾಡಿ ಕಾಡಿಗೆ ಹೊಡೆಯುವುದು, ತಿಂಗಳುಗಟ್ಟಲೆ ಅಲ್ಲೇ ಇರುವುದು. ಹಗಲು ಮೇವು, ಸಂಜೆಗೆ ದನ ತಾನಾಗಿ ವಾಪಸು, ಕರುಗಳಿಗೆ ಬೇರೆ ಗೂಡು, ಕಾವಲಿಗೆ ಅಟ್ಟಣೆ, ರಾತ್ರಿಯಿಡೀ ಬೆಂಕಿ. ದೊಡ್ಡಿಯ ಗೊಬ್ಬರಕ್ಕೆ ಒಳ್ಳೆಯ ಬೆಲೆ. ಹಾಲಿಗಿಂತ ಗೊಬ್ಬರವೇ ಆದಾಯ. ಈ ಕಾಡಿನ ದನಗಳಿಗೆ ತಮ್ಮದೇ ತಳಿಗಳಿದ್ದವು. ಒಂದು, ಹೊಗೇನಕಲ್ ಬಳಿಯ ಕಾವೇರಿ ದಂಡೆಯ ಊರಿನ ಹೆಸರು ಹೊತ್ತ ಆಲಂಬಾಡಿ. ಇದಕ್ಕೆ ಮಹದೇಶ್ವರ ಬೆಟ್ಟದ ತಳಿ ಎಂದೂ ಹೆಸರು. ಇನ್ನೊಂದು ಕಂದು ಮೈ, ಬಿಳಿ ಮಚ್ಚೆಯ ಬರಗೂರು. ಅದನ್ನು ಸಾಕುವವರು ಗಡಿಯಾಚೆ ಈರೋಡು ಜಿಲ್ಲೆಯ ಬೆಟ್ಟದಲ್ಲಿರುವ ಕನ್ನಡ ಮಾತಾಡುವ ಲಿಂಗಾಯತರು. ಗಡಿ ಎನ್ನುವುದು ಆಗ ದನಕ್ಕೂ ಇರಲಿಲ್ಲ, ನಮಗೂ ಇರಲಿಲ್ಲ. 1887ರಲ್ಲಿ ಎಫ್.ಎ. ನಿಕಲ್ಸನ್ ಕೊಯಮತ್ತೂರು ಜಿಲ್ಲೆಯ ಕೈಪಿಡಿ ಬರೆದಾಗ ಕೊಳ್ಳೇಗಾಲ ಅದರದೇ ಒಂದು ತಾಲ್ಲೂಕು. 1956ರಲ್ಲಿ ರಾಜ್ಯ ವಿಂಗಡಣೆಯಾಗುವವರೆಗೂ ಹಾಗೇ ಇತ್ತು. ಮಾದಪ್ಪನ ಕಾವ್ಯದಲ್ಲಿ ದೇವರಿಗೆ ಗುಡಿ ಕಟ್ಟಿಸುವವನೂ ರಾಜನಲ್ಲ, ದನಕುರಿಗಳ ಒಡೆಯ ಆಲಂಬಾಡಿ ಜುಂಜೇಗೌಡ.

ನಮ್ಮ ಅಪ್ಪನ ದೊಡ್ಡಿಯಲ್ಲಿ ಒಬ್ಬ ಹುಡುಗ ಇದ್ದ. ಊರಿನಲ್ಲಿ ಅವನನ್ನು ಮೂಗ ಅನ್ನುತ್ತಿದ್ದರು, ಆದರೆ ಕಿವಿ ಚುರುಕು. ಮುಖ ನೋಡಿ ಮಾತಾಡಿಸಿದರೆ ಓಡಿಹೋಗುವನು. ಜಾತ್ರೆಯ ತಮಟೆ ಸದ್ದಿಗೆ ಕಿವಿ ಮುಚ್ಚಿ ನೆಲಕ್ಕೆ ಬೀಳುವನು. ದೊಡ್ಡಿಯಲ್ಲಿ ಮಾತ್ರ ಅವನು ಬೇರೆ ಮನುಷ್ಯ. ಯಾವ ಹಸುವಿನ ಕೊರಳ ಗಂಟೆ ಯಾವುದು ಎನ್ನುವುದು ಅವನಿಗೆ ಕತ್ತಲಲ್ಲೂ ಗೊತ್ತು. ಒಂದು ದನ ಹಿಂದೆ ಬಿದ್ದರೆ ಎಣಿಸದೆಯೇ ತಿಳಿಯುತ್ತಿತ್ತು; ಅದು ಬರುವವರೆಗೆ ಊಟಕ್ಕೆ ಕೂರುತ್ತಿರಲಿಲ್ಲ. ಹೊಸಬರನ್ನು ಕಂಡರೆ ಕೊಂಬು ತಗ್ಗಿಸುವ ಬರಗೂರು ಹಸು ಅವನ ಹೆಗಲಿಗೆ ಗದ್ದ ಇಟ್ಟು ನಿಲ್ಲುತ್ತಿತ್ತು. ಅವನಿಗೆ ಆಟಿಸಂ ಇತ್ತು ಎಂದು ನಾನು ಸರ್ಟಿಫಿಕೇಟು ಕೊಡಲಾರೆ. ಸತ್ತವರಿಗೆ ರೋಗನಿದಾನ ಮಾಡುವುದು ನನ್ನ ಇಲಾಖೆಯ ಕೆಲಸವಲ್ಲ. ಆದರೆ ಅಂಥ ಮಕ್ಕಳನ್ನು ದೊಡ್ಡಿಗೆ ಕಳಿಸುವುದು ರೂಢಿಯಾಗಿತ್ತು. ಕಾರಣ ಸರಳ. ದನ ಪ್ರಶ್ನೆ ಕೇಳುವುದಿಲ್ಲ. ದಿನವೂ ಅದೇ ಹೊತ್ತಿಗೆ ಅದೇ ದಾರಿ, ಅದೇ ಕೆಲಸ. ಮಾಡಿದ್ದು ಕಣ್ಣಿಗೆ ಕಾಣುತ್ತದೆ: ಕರು ಬಿಟ್ಟರೆ ಹಾಲು ಕುಡಿಯುತ್ತದೆ, ಬೇಲಿ ಮುಚ್ಚಿದರೆ ಚಿರತೆ ಒಳಗೆ ಬರುವುದಿಲ್ಲ.

ಇದನ್ನೆಲ್ಲ ಹೊಗಳಿ ಮುಗಿಸುವಂತಿಲ್ಲ. ಆ ಹುಡುಗನಿಗೆ ಕೂಲಿ ಇರಲಿಲ್ಲ, ಮುದ್ದೆ ಮಜ್ಜಿಗೆಯೇ ಸಂಬಳ. ಶಾಲೆ ಇರಲಿಲ್ಲ. ಹೊಟ್ಟೆನೋವು ಎಂದು ಹೇಳಲು ಬಾರದವನಿಗೆ ಕಾಡಿನಲ್ಲಿ ಏನಾದರೂ ಆದರೆ ಕೇಳುವವರಿರಲಿಲ್ಲ. ಊರಿನವರಿಗೆ ಅವನನ್ನು ಕಣ್ಮರೆ ಮಾಡುವುದಕ್ಕೂ ದೊಡ್ಡಿ ಅನುಕೂಲವಾಗಿತ್ತು.

ಪ್ರಾಣಿಯ ಜೊತೆ ಮನಸ್ಸಿಗೆ ಆಸರೆ ಎನ್ನುವ ಅರಿವು ಹೊರಗಿನ ಲೋಕದಲ್ಲಿ ಬೇರೆ ದಾರಿಯಲ್ಲಿ ಬಂತು. 1796ರಲ್ಲಿ, ಅಂದರೆ ಶ್ರೀರಂಗಪಟ್ಟಣ ಬೀಳುವುದಕ್ಕೆ ಮೂರು ವರ್ಷ ಮೊದಲು, ಇಂಗ್ಲೆಂಡಿನ ಯಾರ್ಕ್‌ನಲ್ಲಿ ವಿಲಿಯಂ ಟ್ಯೂಕ್ ಮನೋರೋಗಿಗಳಿಗಾಗಿ ‘ರಿಟ್ರೀಟ್’ ತೆರೆದ. ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದ ಕಾಲ ಅದು. ಅವನ ಅಂಗಳದಲ್ಲಿ ಮೊಲ, ಕೋಳಿಗಳನ್ನು ಬಿಟ್ಟು ರೋಗಿಗಳು ನೋಡಿಕೊಳ್ಳುವಂತೆ ಮಾಡಿದರು. ಬಹುಕಾಲ ಹಾಸಿಗೆ ಹಿಡಿದವರಿಗೆ ಸಣ್ಣ ಸಾಕುಪ್ರಾಣಿ ಒಳ್ಳೆಯ ಜೊತೆ ಎಂದು ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ಬರೆದರು. ಆಟಿಸಂಗೆ ಇಂದಿನ ಅರ್ಥ ಬಂದದ್ದು 1943ರಲ್ಲಿ, ಅಮೆರಿಕದ ಲಿಯೊ ಕ್ಯಾನರ್ 11 ಮಕ್ಕಳ ವಿವರ ಪ್ರಕಟಿಸಿದಾಗ. ಮುಂದೆ ಎರಡು ದಶಕ ಅಲ್ಲಿಯೂ ತಪ್ಪು ಹೊರಿಸಿದ್ದು ತಾಯಿಯ ಮೇಲೆ. ಪ್ರೀತಿಯಿಲ್ಲದ ತಾಯಿಯಿಂದ ಹೀಗಾಗುತ್ತದೆ ಎನ್ನುವ ವಾದವನ್ನು ಬ್ರೂನೊ ಬೆಟಲ್‌ಹೈಮ್ 1967ರಲ್ಲೂ ಪುಸ್ತಕ ಮಾಡಿ ಹಂಚಿದ. ‘ಗ್ರಹಣದಾಗ ಹೊರಕ್ಕೆ ಬಂದ್ಳು, ಅದ್ಕೇ ಕೂಸು ಹಿಂಗಾಯ್ತು’ ಎಂದು ನಮ್ಮ ಬೀದಿಯಲ್ಲಿ ಹೇಳುವವರಿಗೂ ಆ ಪಂಡಿತನಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ನಾಯಿಯನ್ನು ಚಿಕಿತ್ಸೆಯ ಕೋಣೆಗೆ ತಂದವನು ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್. ಯಾರೊಂದಿಗೂ ಬೆರೆಯದ ಒಬ್ಬ ಹುಡುಗ ಹೊತ್ತಿಗೆ ಮುಂಚೆ ಬಂದುಬಿಟ್ಟ. ಕೋಣೆಯಲ್ಲಿದ್ದ ಲೆವಿನ್ಸನ್‌ನ ನಾಯಿ ಜಿಂಗಲ್ಸ್ ಅವನ ಮುಖ ನೆಕ್ಕಿತು. ಹುಡುಗ ಹೆದರದೆ ಅದನ್ನು ಅಪ್ಪಿಕೊಂಡ. 1962ರಲ್ಲಿ ಲೆವಿನ್ಸನ್ ಇದರ ಮೇಲೆ ಲೇಖನ ಬರೆದ. ಅವನ ಮಾತು ಕೇಳಿ, ಫೀಸಿನಲ್ಲಿ ನಾಯಿಗೆಷ್ಟು ಪಾಲು ಎಂದು ನಕ್ಕವರೂ ಇದ್ದರು.

ನನಗೆ ಎಲ್ಲಕ್ಕಿಂತ ಹತ್ತಿರವೆನಿಸುವುದು ಟೆಂಪಲ್ ಗ್ರಾಂಡಿನ್ ಕಥೆ. 1947ರಲ್ಲಿ ಹುಟ್ಟಿದ ಈಕೆಗೆ ಸ್ವತಃ ಆಟಿಸಂ. ಹದಿಹರೆಯದಲ್ಲಿ ಅರಿಜೋನಾದಲ್ಲಿ ಚಿಕ್ಕಮ್ಮನ ದನದ ಫಾರಂನಲ್ಲಿದ್ದಾಗ, ಚುಚ್ಚುಮದ್ದು ಕೊಡಲು ದನಗಳನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಚೌಕಟ್ಟನ್ನು ಕಂಡಳು. ಗಾಬರಿಯಿಂದ ಒದ್ದಾಡುವ ದನ ಅದರೊಳಗೆ ನಿಧಾನವಾಗಿ ಶಾಂತವಾಗುತ್ತಿತ್ತು. ತಾನೂ ಒಳಹೊಕ್ಕು ನೋಡಿದಳು. ಎದೆಯ ಗಾಬರಿ ಇಳಿಯಿತು. ಅದೇ ಮಾದರಿಯಲ್ಲಿ ತನಗಾಗಿ ಒಂದು ಯಂತ್ರ ಮಾಡಿಕೊಂಡಳು. ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾಗಿ, ದನಗಳನ್ನು ಹಿಂಸೆಯಿಲ್ಲದೆ ನಡೆಸುವ ಕಟ್ಟೋಣಗಳ ವಿನ್ಯಾಸಕ್ಕೆ ಪ್ರಸಿದ್ಧಳಾದಳು. ನಮ್ಮ ಹಳ್ಳಿಯ ಪಶು ಆಸ್ಪತ್ರೆಗಳ ಮುಂದೆ ಕಬ್ಬಿಣದ ಕಂಬಗಳ ಚೌಕಟ್ಟು ಇರುತ್ತದಲ್ಲ, ‘ಟ್ರೆವಿಸ್’ ಅನ್ನುತ್ತೇವೆ, ಅದರ ಅಣ್ಣತಮ್ಮನೇ ಅದು. ಟ್ರೆವಿಸಿಗೆ ದನ ನುಗ್ಗಿಸುವುದರಲ್ಲೇ ನನ್ನ ಸರ್ವೀಸು ಕಳೆಯಿತು. ಅದರೊಳಗೆ ನಿಂತ ದನದ ಉಸಿರು ಹೇಗೆ ಇಳಿಯುತ್ತದೆ ಎಂದು ನಾನೂ ಕಂಡಿದ್ದೆ, ನಮ್ಮ ಕಾಂಪೌಂಡರೂ ಕಂಡಿದ್ದ. ಅದನ್ನು ಮಗುವಿನ ಮೈಗೆ ಹೊಂದಿಸಿ ಯೋಚಿಸಲು ಮಾತ್ರ ಆಟಿಸಂ ಇದ್ದವಳೇ ಬೇಕಾಯಿತು.

ಪ್ರಾಣಿಯಿಂದ ಮಗುವಿಗೆ ಒಳಿತು ಎನ್ನುವ ಮಾತು ಬರೀ ಕತೆಗಳಲ್ಲೇ ಉಳಿಯದೆ ಪರೀಕ್ಷೆಗೂ ಬಂದಿದೆ. 2013ರಲ್ಲಿ ಆಸ್ಟ್ರೇಲಿಯಾದ ಶಾಲೆಗಳಲ್ಲಿ ಮಾರ್ಗರೇಟ್ ಓಹೇರ್ ತಂಡ ಆಟಿಸಂ ಮಕ್ಕಳ ಮುಂದೆ ಒಮ್ಮೆ ಆಟಿಕೆ, ಒಮ್ಮೆ ಗಿನಿಯಿಲಿ ಇಟ್ಟು ನೋಡಿತು. ಗಿನಿಯಿಲಿ ಇದ್ದಾಗ ಮಕ್ಕಳು ಜೊತೆಯವರೊಂದಿಗೆ ಹೆಚ್ಚು ಮಾತಾಡಿದರು, ಮುಖ ನೋಡಿದರು, ನಕ್ಕರು. 2015ರಲ್ಲಿ ಅಮೆರಿಕದಲ್ಲಿ ರಾಬಿನ್ ಗೇಬ್ರಿಯೆಲ್ಸ್ ತಂಡ 6ರಿಂದ 16 ವರ್ಷದ 100ಕ್ಕೂ ಹೆಚ್ಚು ಮಕ್ಕಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ 10 ವಾರ ಕುದುರೆ ಸವಾರಿ. ಇನ್ನೊಂದಕ್ಕೆ ಅದೇ ಲಾಯದಲ್ಲಿ ಕುದುರೆ ಮುಟ್ಟದೆ ಪಾಠ. ಸವಾರಿ ಮಾಡಿದವರಲ್ಲಿ ಸಿಡುಕು, ಚಡಪಡಿಕೆ ಕಡಿಮೆಯಾಗಿ, ಬಳಸುವ ಪದಗಳು ಹೆಚ್ಚಿದವು. ಇವು ಸಣ್ಣ ಲಾಭಗಳೇ. ಆಟಿಸಂ ವಾಸಿಯಾಯಿತು ಎಂದು ಈ ಅಧ್ಯಯನಗಳು ಹೇಳಿಲ್ಲ, ಏಕೆಂದರೆ ಅದು ವಾಸಿಯಾಗಬೇಕಾದ ಜ್ವರವಲ್ಲ; ಮಿದುಳು ಬೆಳೆದ ರೀತಿಯೇ ಬೇರೆ. ಪ್ರಾಣಿಯಿಂದ ಮಗುವಿನ ಗಾಬರಿ ಇಳಿಯಬಹುದು, ಇಳಿದ ಆ ಹೊತ್ತಿನಲ್ಲಿ ಮನುಷ್ಯರು ಅದಕ್ಕೆ ಏನಾದರೂ ಕಲಿಸಬಹುದು.

ನಮ್ಮ ದೇಶದಲ್ಲಿ ಚೆನ್ನೈನ ಸಿ.ಪಿ. ರಾಮಸ್ವಾಮಿ ಅಯ್ಯರ್ ಫೌಂಡೇಷನ್ನಿನ ಸರಸ್ವತಿ ಕೇಂದ್ರ ವಿಶೇಷ ಮಕ್ಕಳ ಜೊತೆ ನಾಯಿಗಳನ್ನು ಬಳಸಿದ ಮೊದಲಿಗರಲ್ಲಿ ಒಂದು. ಮುಂಬೈ, ಪುಣೆಗಳಲ್ಲಿ ಅನಿಮಲ್ ಏಂಜಲ್ಸ್ ಫೌಂಡೇಷನ್ ಈ ಕೆಲಸ ಮಾಡುತ್ತಿದೆ. ಕೌದಳ್ಳಿಯ ತಾಯಿಗೆ ಮಾತ್ರ ಇವೆಲ್ಲ ದೂರದ ಮಾತು. ಅವಳಿಗೆ ದಾರಿ ಇರುವುದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. 1965ರಲ್ಲಿ ಶುರುವಾದ ಅದು ನಮ್ಮ ಕಡೆಯವರ ಪಾಲಿಗೆ ದೊಡ್ಡ ಆಸರೆ. ಕಾನೂನೂ ತಡವಾಗಿಯೇ ಬಂತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು. 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿತು.

ಇತ್ತ ಆಟಿಸಂ ಕಾನೂನಿನ ಪಟ್ಟಿಗೆ ಏರುತ್ತಿದ್ದ ಕಾಲದಲ್ಲೇ ಅತ್ತ ದೊಡ್ಡಿಗಳು ಬರಿದಾದವು. ಒಂದು ಪೆಟ್ಟು ಕಾಡುಗಳ್ಳ ವೀರಪ್ಪನ್ ಕಾಲದ್ದು. 1992ರಲ್ಲಿ ಪಕ್ಕದ ರಾಮಾಪುರ ಠಾಣೆಯ ಮೇಲೆ ದಾಳಿಯಾಯಿತು. ಮರುವರ್ಷ ಪಾಲಾರ್ ಬಳಿ ಬಾಂಬು ಸಿಡಿಯಿತು. ದೊಡ್ಡಿಯಲ್ಲಿದ್ದವನನ್ನು ವೀರಪ್ಪನ್ ಕಡೆಯವರು ಪೊಲೀಸರ ಮಾಹಿತಿದಾರ ಅನ್ನುವರು, ಪೊಲೀಸರು ವೀರಪ್ಪನ್ ಕಡೆಯವ ಅನ್ನುವರು. ಅಪ್ಪ ದನ ಮಾರಿ ಊರು ಸೇರಿದ್ದು ಆಗಲೇ. ಇನ್ನೊಂದು ಕಾಡಿನ ಕಾನೂನು: 1987ರಲ್ಲಿ ಕಾವೇರಿ ವನ್ಯಧಾಮ, 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ. ನಡುವೆ ಟ್ರ್ಯಾಕ್ಟರು, ಜೆರ್ಸಿ ಹಸು, ಡೈರಿ ಬಂದವು. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಮಾಂಸ ತಿಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತವು. ಹುಲಿಯನ್ನೇ ವಾಹನ ಮಾಡಿಕೊಂಡ ದೇವರ ಕಾಡಿನಲ್ಲಿ ಹೀಗಾದದ್ದು ನಾಚಿಕೆಗೇಡು. ಅದಾದ ಮೇಲೆ ಕಾಡಿಗೆ ದನ ಬಿಡಬಾರದು ಎನ್ನುವ ಸರ್ಕಾರದ ಮಾತು ಬಿಗಿಯಾಯಿತು. ಹುಲಿಗೆ ಕಾಡು ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ದೊಡ್ಡಿ ಹೋದಾಗ ಮಾತಿಲ್ಲದ ಮಕ್ಕಳಿಗಿದ್ದ ಒಂದು ಜಾಗವೂ ಹೋಯಿತು ಎನ್ನುವುದನ್ನು ಯಾವ ಕಡತವೂ ಬರೆದುಕೊಳ್ಳಲಿಲ್ಲ.

ತಂಗಿಯ ಮೊಮ್ಮಗನ ವಿಚಾರದಲ್ಲಿ ನಾವು ಮಾಡಿದ್ದು ಆ ದೊಡ್ಡಿಯ ಸಣ್ಣ ತುಣುಕೊಂದನ್ನು ಹಿತ್ತಿಲಿಗೆ ತರುವುದಷ್ಟೆ. ಮೈಸೂರಿನಲ್ಲಿ ಕಲಿಸಿಕೊಟ್ಟ ಅಭ್ಯಾಸಗಳನ್ನು ಅವನ ತಾಯಿ ಮನೆಯಲ್ಲಿ ಮಾಡಿಸುತ್ತಾಳೆ. ಬೆಳಗ್ಗೆ ಒಂದು ಹೊತ್ತು ಕರುವಿನ ಕೆಲಸ: ಹಗ್ಗ ಬಿಚ್ಚುವುದು, ಕಲ್ಲುಬಾನಿಗೆ ಕರೆದೊಯ್ಯುವುದು, ಮೈ ಉಜ್ಜುವುದು, ಮತ್ತೆ ಕಟ್ಟುವುದು. ಇದೇ ಕ್ರಮ, ಬದಲಿಲ್ಲ. ಕ್ರಮದ ನಾಲ್ಕು ಚಿತ್ರಗಳನ್ನು ಕೊಟ್ಟಿಗೆ ಗೋಡೆಗೆ ಅಂಟಿಸಿದ್ದೇವೆ. ಕರುವನ್ನು ಕರೆಯಲು ಅವನು ಬಳಸುವ ‘ಬಾ’ ಈಗ ಮನುಷ್ಯರಿಗೂ ಸಿಗುತ್ತಿದೆ. ಅಜ್ಜಿಗೆ ಅದು ಬಸವಪ್ಪನ ಕೃಪೆ. ನನಗೆ ಅದು ದಿನದಿನದ ರೂಢಿ ಮತ್ತು ಅವನ ತಾಯಿಯ ದುಡಿಮೆಯ ಫಲ.

ಇನ್ನು ದನದ ಡಾಕ್ಟ್ರಾಗಿ ಕೆಲವು ಮಾತು. ಮಗುವಿಗೆ ಪ್ರಾಣಿ ಹಿಡಿಸದಿದ್ದರೆ ಬಲವಂತ ಬೇಡ. ಕೆಲವು ಮಕ್ಕಳಿಗೆ ಅದರ ವಾಸನೆ, ಸದ್ದೇ ಹಿಂಸೆ. ನಾಯಿಗೆ ರೇಬಿಸ್ ಲಸಿಕೆ ಹಾಕಿಸದೆ ಮಗುವಿನ ಹತ್ತಿರ ಬಿಡಬೇಡಿ. ಕರುವಿಗೆ ಜಂತಿನ ಔಷಧಿ ಕುಡಿಸಿ, ಹುಳುಕಡ್ಡಿ ಇದ್ದರೆ ವಾಸಿಯಾಗುವವರೆಗೆ ದೂರವಿಡಿ, ಗಬ್ಬ ಇಳಿದ ಹಸುವಿನ ಹತ್ತಿರ ಬಿಡಬೇಡಿ, ಕೈ ತೊಳೆಸಿ, ಹಾಲು ಕಾಯಿಸಿ. ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ಪ್ರಾಣಿಗೂ ಸಾಕೆನಿಸುತ್ತದೆ, ಕಿವಿ ಹಿಂದಕ್ಕೆ ಮಡಚಿ ಬಾಲ ಬೀಸತೊಡಗಿದರೆ ಅವತ್ತಿನ ಪಾಠ ಮುಗಿಯಿತು. ಕರಡಿಗೆ ಮಾಡಿದ ಅನ್ಯಾಯವನ್ನು ಇನ್ನೊಂದು ಪ್ರಾಣಿಗೆ ಹೊಸ ಹೆಸರಿನಲ್ಲಿ ಮಾಡಬಾರದು.

ನಮ್ಮ ಹೋಬಳಿಗಳಲ್ಲಿ ಶಾಲೆಯೂ ಇದೆ, ಪಶು ಆಸ್ಪತ್ರೆಯೂ ಇದೆ. ವಿಶೇಷ ಮಕ್ಕಳಿಗಾಗಿ ತಾಲ್ಲೂಕು ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಎಂಬ ಸಮನ್ವಯ ಶಿಕ್ಷಣದ ಶಿಕ್ಷಕರಿದ್ದಾರೆ, ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರು ಮತ್ತು ಪಶು ಆಸ್ಪತ್ರೆಯವರು ಒಂದು ದಿನವೂ ಒಟ್ಟಿಗೆ ಕೂತದ್ದನ್ನು ನಾನು ನನ್ನ ಸರ್ವೀಸಿನಲ್ಲಿ ಕಾಣಲಿಲ್ಲ. ಹನೂರು ತಾಲ್ಲೂಕಿನವರು ಅದನ್ನು ಮೊದಲು ಮಾಡಿ ತೋರಿಸಲಿ. ದುಬಾರಿ ನಾಯಿ, ಕುದುರೆ ತರಿಸಬೇಕಾಗಿಲ್ಲ, ಆಡು ಕರು ಮನೆಮನೆಯಲ್ಲೂ ಇವೆ. ತಾಯಂದಿರಲ್ಲಿ ನನ್ನ ಕೋರಿಕೆ ಒಂದೇ. ಒಂದೂವರೆ ಎರಡು ವರ್ಷಕ್ಕೆ ಕೂಸು ಹೆಸರಿಗೆ ತಿರುಗುತ್ತಿಲ್ಲ, ಬೆರಳು ಮಾಡಿ ತೋರಿಸುತ್ತಿಲ್ಲ ಅನ್ನಿಸಿದರೆ ಕತ್ತೆ ಹಾಲಿಗೆ ಕಾಯಬೇಡಿ. ಮೊದಲು ಅಂಗನವಾಡಿಗೆ ಹೇಳಿ, ಆಸ್ಪತ್ರೆಗೆ ತೋರಿಸಿ, ಮೈಸೂರಿನ ಬಸ್ಸು ಹತ್ತಿ. ಬಂದ ಮೇಲೆ ಕರುವಿನ ಹಗ್ಗ ಕೈಗೆ ಕೊಡಿ.